ಬಲವು ಬಾಲವಾಗದಂತೆ

ಕಾಸರಗೋಡಿನ ನಮ್ಮ ಕ್ರೈಸ್ತ ದೇವಾಲಯದ ಕಾಲು ಹಾರ್ಮೋನಿಯಂನ ತಿದಿ ಹರಿದದ್ದು ಕ್ರಿಸ್ಮಸ್ಸಿಗೆ ಇನ್ನು ಒಂಬತ್ತೇ ದಿನ ಇರುವಾಗ. ಅದಕ್ಕೂ ಮೊದಲೇ ಅದು ದಮ್ಮಿನ ರೋಗಿಯಂತೆ ಉಸಿರೆಳೆಯುತ್ತಿತ್ತು. ಸೈಕಲ್ ಟ್ಯೂಬಿನ ತುಂಡುಗಳನ್ನು ಅಂಟಿಸಿ ಅಂಟಿಸಿ ಮಾಸ್ತರರು ಅದನ್ನು ಹೇಗೋ ಸಂಭಾಳಿಸಿಕೊಂಡು ಬಂದಿದ್ದರು. ಆ ಸಂಜೆ ಗಾಯನ ಮಂಡಳಿಯ ಅಭ್ಯಾಸದ ನಡುವೆ ‘ಫಸ್’ ಎಂದು ಸದ್ದಾಯಿತು. ಹಾಡು ಒಂದು ಸಾಲು ಮುಂದೆ ಹೋಯಿತು, ವಾದ್ಯ ಅಲ್ಲೇ ನಿಂತಿತು. ಎಪ್ಪತ್ತೆಂಟು ವರ್ಷದ ಮಾಸ್ತರರು ತುಳಿಯುವುದನ್ನು ಬಿಟ್ಟು, ಮುಚ್ಚಳ ಮುಚ್ಚಿ, ನನ್ನ ಕಡೆ ತಿರುಗಿ, “ಇದರದ್ದೂ ಮುಗಿಯಿತು, ನನ್ನದೂ ಮುಗಿಯಿತು. ಇನ್ನು ನೀನು ಕೂರು” ಎಂದರು.

ನಾನು ಕನ್ನಡ ಟೀಚರ್. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಮಕ್ಕಳಿಂದ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತಾ ಬಂದವಳು. ಸಂಡೇ ಸ್ಕೂಲಿನ ಮಕ್ಕಳಿಗೆ ರಾಗ ಹಿಡಿಸುವಷ್ಟು ಹಾರ್ಮೋನಿಯಂ ಬರುತ್ತಿತ್ತು, ಅದೂ ಬಲಗೈಯಲ್ಲಿ ಮಾತ್ರ. ಎಡಗೈ ಏನು ಮಾಡುತ್ತದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆ ಕ್ರಿಸ್ಮಸ್ ಎರವಲು ತಂದ ಕೀಬೋರ್ಡಿನಲ್ಲಿ ಕಳೆಯಿತು. ಜನವರಿಯಲ್ಲಿ ಮಂಗಳೂರಿನ ಒಂದು ಕುಟುಂಬ ಮನೆ ಮಾರಿ ಮಕ್ಕಳ ಬಳಿಗೆ ಹೋಗುವಾಗ ಅಜ್ಜಿಯ ಕಾಲದ ಪಿಯಾನೋವನ್ನು ನಮ್ಮ ಸಭೆಗೆ ಕೊಟ್ಟಿತು. ಕೊಟ್ಟದ್ದು ಧರ್ಮಕ್ಕೆ, ತರುವುದು ನಮ್ಮ ಕರ್ಮಕ್ಕೆ. ಗೋಡೆಗೆ ಒರಗಿಸಿ ನಿಲ್ಲಿಸುವ ಜಾತಿಯದು, ಆದರೂ ಇನ್ನೂರು ಕಿಲೋಗೆ ಕಡಿಮೆ ಇರಲಾರದು. ಒಳಗೆ ಎರಕದ ಕಬ್ಬಿಣದ ಚೌಕಟ್ಟು, ಇನ್ನೂರಕ್ಕೂ ಹೆಚ್ಚು ತಂತಿಗಳು. ಟೆಂಪೋದಲ್ಲಿ ಹಳೆಯ ಹಾಸಿಗೆಗಳ ನಡುವೆ ಅದನ್ನು ನಿಲ್ಲಿಸಿ, ತಲಪಾಡಿಯಿಂದ ಈಚೆ ಹೆದ್ದಾರಿಯ ಗುಂಡಿ ಬಂದಾಗಲೆಲ್ಲ ಅದು ಒಳಗಿಂದ ಗುಂಯ್ಗುಡುವುದನ್ನು ಕೇಳುತ್ತಾ ನಾನು ಚಾಲಕನ ಪಕ್ಕ ಕುಳಿತಿದ್ದೆ. ಉಪ್ಪಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಚಾಲಕ, “ಟೀಚರೇ, ಒಳಗೆ ಯಾರಾದರೂ ಇದ್ದಾರೆಯೇ?” ಎಂದು ಕೇಳಿದ.

ಎಂಬತ್ತೆಂಟು ಮನೆಗಳು. ಹಾರ್ಮೋನಿಯಂನವರು ಕೀಗೆ ಮನೆ ಎನ್ನುತ್ತಾರೆ, ನನಗೂ ಅದೇ ರೂಢಿ. ಮೊದಲ ದಿನವೇ ಗೊತ್ತಾದ ವಿಷಯವೆಂದರೆ ಹಾರ್ಮೋನಿಯಂ ಕಲಿತವರಿಗೆ ಪಿಯಾನೋ ಅರ್ಧ ಬರುತ್ತದೆ ಎಂಬುದು ಶುದ್ಧ ಸುಳ್ಳು. ಹಾರ್ಮೋನಿಯಂನಲ್ಲಿ ಗಾಳಿ ಇರುವವರೆಗೆ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಸಾಯಲು ತೊಡಗುತ್ತದೆ. ಬೆರಳನ್ನು ಎಷ್ಟು ಒತ್ತಿ ಹಿಡಿದರೂ ಪ್ರಯೋಜನವಿಲ್ಲ. ಜರ್ಮನ್ ರಾಗಗಳಂಥ ನಿಧಾನದ ಗೀತೆಗಳಲ್ಲಿ ಸಾಲಿನ ಕೊನೆಯ ಸ್ವರದ ಹೊತ್ತಿಗೆ ಜನ ಇನ್ನೂ ಹಾಡುತ್ತಿರುತ್ತಾರೆ, ವಾದ್ಯ ಮೌನವಾಗಿರುತ್ತದೆ. ಇನ್ನು ನನ್ನ ಕಾಲುಗಳ ಪಾಡು. ಅಭ್ಯಾಸಬಲದಿಂದ ಅವು ಎಡಬಲ ತುಳಿಯುತ್ತಲೇ ಇದ್ದವು. ಎಡಗಾಲು ತುಳಿದಾಗಲೆಲ್ಲ ಸದ್ದು ಮೆತ್ತಗಾಗುತ್ತಿತ್ತು, ಬಲಗಾಲು ತುಳಿದಾಗ ಎಲ್ಲ ಸ್ವರಗಳೂ ಕಲಸಿ ಗಂಜಿಯಾಗುತ್ತಿದ್ದವು. ಮಾಸ್ತರರು ಮೊದಲ ವಾರ ನನ್ನನ್ನು ಕಾಲು ಮಡಚಿ ಕುರ್ಚಿಯ ಕೆಳಗೆ ಇಟ್ಟುಕೊಳ್ಳಲು ಹೇಳಿದರು.

ಅವರ ಪಾಠದ ಕ್ರಮ ವಿಚಿತ್ರವಾಗಿತ್ತು. ಹದಿನೈದು ದಿನ ಎಡಗೈ ಮಾತ್ರ, ಅದರಲ್ಲೂ ಎಲ್ಲಕ್ಕಿಂತ ಕೆಳಗಿನ ಧ್ವನಿಯಾದ ಬಾಸ್ ಸ್ವರ ಮಾತ್ರ. ಬಾಸ್ ನುಡಿಸುತ್ತಾ ಬಾಯಲ್ಲಿ ಮೇಲಿನ ರಾಗ ಹಾಡಬೇಕು. ಆಮೇಲೆ ಬಾಸ್ ಮತ್ತು ಎಲ್ಲಕ್ಕಿಂತ ಮೇಲಿನ ಸೊಪ್ರಾನೋ, ನಡುವೆ ಏನೂ ಇಲ್ಲ. “ಮನೆಗೆ ಅಡಿಪಾಯ, ಮಾಡು ಎರಡೂ ಸರಿ ಇದ್ದರೆ ನಡುವಿನ ಗೋಡೆ ಸ್ವಲ್ಪ ಓರೆಯಾದರೂ ಯಾರಿಗೂ ಕಾಣುವುದಿಲ್ಲ” ಎನ್ನುತ್ತಿದ್ದರು. ನಡುವಿನ ಧ್ವನಿಗಳಾದ ಆಲ್ಟೋ, ಟೆನರ್ ಬಂದದ್ದು ಮೂರನೆಯ ವಾರ. ಮೇಲಿನ ಎರಡು ಧ್ವನಿ ಬಲಗೈಗೆ, ಕೆಳಗಿನ ಎರಡು ಎಡಗೈಗೆ. ನನ್ನಂತೆ ಕೈ ಚಿಕ್ಕದಾದವರಿಗೆ ಟೆನರ್ ದೂರವಾದರೆ ಅದನ್ನು ಬಲಗೈಯ ಹೆಬ್ಬೆರಳು ಎತ್ತಿಕೊಳ್ಳಬೇಕು. ಎತ್ತಿಕೊಂಡ ಗುರುತನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಹಾಕದಿದ್ದರೆ ಭಾನುವಾರ ಮರೆತೇಹೋಗುತ್ತದೆ.

ಬೆರಳು ಬದಲಿಸುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಕಿರುಬೆರಳಲ್ಲಿ ಒತ್ತಿದ ಮನೆಯನ್ನು ಅದು ಮೇಲೇಳುವ ಮೊದಲೇ ಉಂಗುರ ಬೆರಳಿಗೆ ಒಪ್ಪಿಸಿ, ಕಿರುಬೆರಳನ್ನು ಮುಂದಿನ ಸ್ವರಕ್ಕೆ ಬಿಡುಗಡೆ ಮಾಡುವುದು. ಮಂಗಳೂರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಹಾಗೆ: ಒಬ್ಬರು ಏಳುವುದಕ್ಕೂ ಇನ್ನೊಬ್ಬರು ಕೂರುವುದಕ್ಕೂ ನಡುವೆ ಸೀಟು ಖಾಲಿ ಬೀಳಬಾರದು. ಬಲಗಾಲಿನ ಪೆಡಲ್ ಕೊಟ್ಟದ್ದು ಅದಾದ ಮೇಲೆ. ಹೊಸ ಸ್ವರ ಬಿದ್ದ ಕ್ಷಣ ಪಾದ ಮೇಲೇಳಬೇಕು, ಬಿದ್ದಾದ ಮೇಲೆ ಇಳಿಯಬೇಕು. ಕೈ ಕೆಳಗೆ ಹೋಗುವಾಗ ಕಾಲು ಮೇಲೆ. ಇದು ಮೈಗೆ ಹತ್ತುವವರೆಗೆ ಊಟಕ್ಕೆ ಕೂತಾಗಲೂ ನನ್ನ ಪಾದ ಮೇಜಿನ ಕೆಳಗೆ ಅಲ್ಲಾಡುತ್ತಿತ್ತು.

ಇದಿಷ್ಟರ ಮೇಲೆ ಇನ್ನೊಂದು ಹಿಂಸೆ. ಪ್ರತಿಯೊಂದು ಗೀತೆಯನ್ನೂ ಮೂರು ಶ್ರುತಿಯಲ್ಲಿ ಬಾರಿಸಬೇಕು. ನಮ್ಮದು ಯಕ್ಷಗಾನದ ಸೀಮೆ, ಕುಂಬಳೆಯ ಪಾರ್ತಿಸುಬ್ಬನ ನೆಲ. ಭಾಗವತರು ಮನೆಯ ಬಣ್ಣ, ಎಣಿಕೆ ಹಿಡಿದು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಶ್ರುತಿ ಹೇಳುವ ಹಾಗೆಯೇ ಮಾಸ್ತರರೂ ಹೇಳುತ್ತಿದ್ದರು. ಬಿಳಿ ಒಂದರಲ್ಲಿ ಬಂದ ಗೀತೆಯನ್ನು ಬಿಳಿ ಎರಡರಲ್ಲಿ, ಆಮೇಲೆ ಕಪ್ಪು ಐದರಲ್ಲಿ. “ಪುಸ್ತಕದಲ್ಲಿ ಇರುವುದು ಒಂದೇ ಶ್ರುತಿ ಮಾಸ್ತರರೇ, ಉಳಿದವು ಯಾತಕ್ಕೆ?” ಎಂದು ಕೇಳಿದೆ. “ಬೆಳಗ್ಗೆ ಎಂಟು ಗಂಟೆಗೆ ಜನರ ಗಂಟಲು ಪುಸ್ತಕ ಓದಿ ಏಳುವುದಿಲ್ಲ” ಎಂದರು. ಆಗ ಒಳಗೊಳಗೇ ಗೊಣಗಿದ್ದೆ.

ನಾನು ಮೊದಲ ಸಲ ಆರಾಧನೆಗೆ ಕುಳಿತ ಭಾನುವಾರದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾನು ಜನರಿಗಾಗಿ ಕಾದೆ, ಜನ ನನಗಾಗಿ ಕಾದರು. ಪ್ರತಿ ಚರಣವೂ ಹಿಂದಿನದಕ್ಕಿಂತ ನಿಧಾನವಾಗಿ, ಐದನೆಯ ಚರಣದ ಹೊತ್ತಿಗೆ ಶವಯಾತ್ರೆಯ ನಡಿಗೆಯಾಯಿತು. ಸ್ತುತಿಗೀತೆ ಅದು. ನನ್ನ ಇನ್ನೊಂದು ತಪ್ಪನ್ನು ಮಾಸ್ತರರು ಆಮೇಲೆ ತಿದ್ದಿದರು. ಜರ್ಮನ್ ಗೀತೆಗಳ ಸ್ವರಪಟ್ಟಿಯಲ್ಲಿ ಸಾಲಿನ ಕೊನೆಗೆ ಕಣ್ಣಿನಂತೆ ಒಂದು ಚಿಹ್ನೆ ಇರುತ್ತದೆ: ಕಮಾನು, ಕೆಳಗೊಂದು ಚುಕ್ಕೆ. ಬೇರೆ ಸಂಗೀತದಲ್ಲಿ ಅದು ಕಂಡರೆ ಸ್ವರವನ್ನು ತಡೆದು ನಿಲ್ಲಿಸಬೇಕು. ಈ ಗೀತೆಗಳಲ್ಲಿ ಅದು ಸಾಲು ಮುಗಿಯಿತು ಎಂದು ತೋರಿಸುವ ಗುರುತು. ನಾನು ಪ್ರತಿ ಸಾಲಿಗೂ ನಾಲ್ಕೆಣಿಕೆ ನಿಲ್ಲುತ್ತಿದ್ದೆ. “ಅವರ ಉಸಿರಿನಷ್ಟು ನಿಲ್ಲು ಸಾಕು. ನೀನೂ ಅವರೊಂದಿಗೆ ಉಸಿರೆಳೆದುಕೋ, ಆಗ ಎಷ್ಟು ಎಂದು ಗೊತ್ತಾಗುತ್ತದೆ” ಎಂದರು. ಅಂದಿನಿಂದ ಬಾರಿಸುವಾಗ ನಾನು ಬಾಯಿಯಲ್ಲೂ ಹಾಡುತ್ತೇನೆ, ಸದ್ದಿಲ್ಲದೆ. ಸದ್ದು ಮಾಡಿದರೆ ಆಲ್ಟೋ ಅಕ್ಕಂದಿರು ನನ್ನನ್ನೇ ಹಿಂಬಾಲಿಸಿ ಸೊಪ್ರಾನೋಗೆ ಜಾರುತ್ತಾರೆ.

ಜೂನ್ ಬಂತು. ಮಳೆಗಾಲದಲ್ಲಿ ಪಿಯಾನೋ ಇಟ್ಟುಕೊಳ್ಳುವುದೆಂದರೆ ಬಾಣಂತಿಯನ್ನು ನೋಡಿಕೊಂಡ ಹಾಗೆ. ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಉಣ್ಣೆಯ ಪಟ್ಟಿಗಳಿಗೆ ನುಸಿ ಬೀಳುತ್ತದೆ, ಇಲಿಗೆ ಅದೇ ಉಣ್ಣೆ ಹಾಸಿಗೆ. ಕೆಳಗಿನ ಹಲಗೆ ತೆಗೆದು ಒಳಗೆ ನಲವತ್ತು ವಾಟಿನ ಹಳೆಯ ಮಾದರಿಯ ಬಲ್ಬು ಉರಿಸಿಡುವುದು ಕರಾವಳಿಯ ಹಳೆಯ ಉಪಾಯ. ಎಲ್ಇಡಿ ಬಲ್ಬು ಆಗದು, ಬೇಕಾದದ್ದು ಬೆಳಕಲ್ಲ, ಶಾಖ. ಆ ಬಲ್ಬು ಹುಡುಕಿಕೊಂಡು ನಾನು ಹಳೆ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳನ್ನೆಲ್ಲ ಅಲೆದೆ. ಕೊನೆಗೆ ಕೋಳಿಮರಿ ಸಾಕುವ ಒಬ್ಬರ ಬಳಿ ನಾಲ್ಕು ಸಿಕ್ಕಿದವು.

ಆ ಮಳೆಗಾಲದ ಒಂದು ಭಾನುವಾರವೇ ‘ಬಾಲ’ದ ಪ್ರಸಂಗ ನಡೆದದ್ದು. ದೇವರ ಬಲವನ್ನು ಕೊಂಡಾಡುವ ಒಂದು ಗೀತೆ. ‘ಬಲ’ ಎಂಬ ಪದ ಬರುವಲ್ಲಿ ರಾಗದಲ್ಲಿ ಎರಡು ಉದ್ದ ಸ್ವರಗಳಿವೆ. ನಾನು ಪುಸ್ತಕದಲ್ಲಿದ್ದಂತೆಯೇ ಎರಡಕ್ಕೂ ಪೂರ್ತಿ ಬೆಲೆ ಕೊಟ್ಟೆ, ಸಭೆಯೂ ಕೊಟ್ಟಿತು. ಆರಾಧನೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಮಗಳು, ಆಗ ಏಳು ವರ್ಷ, ಗಂಭೀರವಾಗಿ ಕೇಳಿದಳು: “ಅಮ್ಮಾ, ದೇವರಿಗೆ ಬಾಲ ಇದೆಯೇ?”

ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ವಾರದ ಐದು ದಿನ ಕರಿಹಲಗೆಯ ಮೇಲೆ ಲಘು ಗುರು ಬರೆಯುವವಳು ಭಾನುವಾರ ಅದನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದೆ. ಇಂಗ್ಲಿಷ್ ರಾಗಪುಸ್ತಕಗಳ ಕೊನೆಯಲ್ಲಿ ಅಕ್ಷರಗಳ ಲೆಕ್ಕದ ಒಂದು ಪಟ್ಟಿ ಇರುತ್ತದೆ, 8.6.8.6 ಎಂದೋ 7.6.7.6 ಎಂದೋ. ಲೆಕ್ಕ ಒಂದೇ ಆದರೆ ಒಂದು ಗೀತೆಯ ಪದಗಳನ್ನು ಇನ್ನೊಂದರ ರಾಗಕ್ಕೆ ಹಾಡಬಹುದು ಎಂಬುದು ಅಲ್ಲಿನ ನಂಬಿಕೆ. ಕನ್ನಡಕ್ಕೆ ಆ ಲೆಕ್ಕ ಸಾಲುವುದಿಲ್ಲ. ಎಂಟು ಅಕ್ಷರ ಎಂದರೆ ಎಂಟು ಮಾತ್ರೆಯೂ ಆಗಬಹುದು, ಹದಿನಾರೂ ಆಗಬಹುದು. ಲಘುವಿನ ಮೇಲೆ ಉದ್ದ ಸ್ವರ ಬಿದ್ದರೆ ‘ಬಲ’ ಬಾಲವಾಗುತ್ತದೆ, ‘ಮನ’ ಮಾನವಾಗುತ್ತದೆ. ‘ಮರಣ’ ಮಾರಣವಾದರಂತೂ ದೇವಾಲಯದೊಳಗೆ ಮಾಟ ಮಾಡಿದ ಹಾಗೆ. ‘ಕರ್ತನು’ ಎನ್ನುವಲ್ಲಿ ‘ಕ’ವನ್ನು ಎಳೆದು ‘ರ್’ಗೆ ತಡವಾಗಿ ಬಂದರೆ ಕಾರ್ತನು ಎಂಬ ಹೊಸ ದೇವರೊಬ್ಬ ಹುಟ್ಟಿಕೊಳ್ಳುತ್ತಾನೆ.

ಬಾಸೆಲ್ ಮಿಶನ್ನವರು 1834ರಲ್ಲಿ ಮಂಗಳೂರಿಗೆ ಬಂದಾಗ ತಮ್ಮ ರಾಗಗಳನ್ನೂ ಜೊತೆಗೆ ತಂದರು, ಪದಗಳನ್ನು ಕನ್ನಡದಲ್ಲಿ ಕಟ್ಟಿದರು. ಅವರಿಗೆ ಲಘು ಗುರು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು ಅದೇ ಮಿಶನ್ನಿನ ಕಿಟೆಲರು. ಆದರೆ ಜರ್ಮನ್ ರಾಗಗಳ ಹುಟ್ಟುಗುಣವೇ ಬೇರೆ. ಅವುಗಳಲ್ಲಿ ಹಲವು ಹಗುರವಾದ ಒಂದು ಸ್ವರದಿಂದ ಶುರುವಾಗಿ ಎರಡನೆಯ ಸ್ವರಕ್ಕೆ ಊರುತ್ತವೆ, ಮೆಟ್ಟಿಲು ಹತ್ತುವ ಮೊದಲು ಕಾಲೆತ್ತಿದ ಹಾಗೆ. ಕನ್ನಡದ ಮಾತಿನ ಊರುವಿಕೆ ಇರುವುದು ಪದದ ಮೊದಲ ಅಕ್ಷರದ ಮೇಲೆ. ‘ಯೇಸುವೇ’ ಎಂದು ಶುರುವಾಗುವ ಸಾಲಿನಲ್ಲಿ ‘ಯೇ’ ಹಗುರ ಸ್ವರಕ್ಕೆ ಬಿದ್ದು ‘ಸು’ ಭಾರದ ಸ್ವರಕ್ಕೆ ಬೀಳುತ್ತದೆ. ಜನರ ಬಾಯಿಗೆ ಇದು ಒಗ್ಗುವುದಿಲ್ಲ, ಅವರು ‘ಯೇ’ಯನ್ನು ತಮಗೆ ಬೇಕಾದಷ್ಟು ಎಳೆದುಕೊಳ್ಳುತ್ತಾರೆ. ಪಿಯಾನೋ ಬಾರಿಸುವವಳು ಎಣಿಕೆ ಹಿಡಿದು ಮುಂದೆ ಹೋಗಿರುತ್ತಾಳೆ. ನಮ್ಮ ಸಭೆ ಎಳೆಯುತ್ತದೆ ಎಂದು ನಾನು ಆರು ತಿಂಗಳು ದೂರಿದ್ದು ಸುಮ್ಮನೆ. ಅವರು ಎಳೆಯುತ್ತಿರಲಿಲ್ಲ, ಕನ್ನಡ ಮಾತಾಡುತ್ತಿದ್ದರು.

ದಸರಾ ರಜೆಯಲ್ಲಿ ಗೀತೆ ಪುಸ್ತಕ ಹಿಡಿದು ಕುಳಿತೆ. ನಾವು ವಾಡಿಕೆಯಲ್ಲಿ ಹಾಡುವ ಅರವತ್ತು ಗೀತೆಗಳಿಗೆ, ಒಂಬತ್ತನೆಯ ತರಗತಿಯ ಮಕ್ಕಳು ಮಾಡುವ ಹಾಗೆ, ಪ್ರತಿ ಅಕ್ಷರದ ತಲೆಯ ಮೇಲೆ ಪೆನ್ಸಿಲಿನಲ್ಲಿ ಪ್ರಸ್ತಾರ ಹಾಕಿದೆ. ಆಮೇಲೆ ಅದನ್ನು ಸ್ವರಪಟ್ಟಿಯ ಪಕ್ಕ ಇಟ್ಟು ನೋಡಿದೆ. ಸಾಲು ಗುರುವಿನಿಂದ ಶುರುವಾದರೆ ಮೊದಲ ಹಗುರ ಸ್ವರಕ್ಕೂ ಬಾಸ್ ಕೊಡುವುದು, ಅದಕ್ಕೆ ಅರ್ಧ ಎಣಿಕೆ ಹೆಚ್ಚು ಜಾಗ ಬಿಡುವುದು. ಲಘುವಿನಿಂದ ಶುರುವಾದರೆ ಎಡಗೈ ಮುಟ್ಟುವುದೇ ಇಲ್ಲ, ಬಲಗೈ ಮಾತ್ರ. ಬಾಸ್ ಎರಡನೆಯ ಸ್ವರಕ್ಕೆ ಬೀಳುತ್ತದೆ. ಉದ್ದ ಸ್ವರಕ್ಕೆ ಲಘು ಸಿಕ್ಕಿಬಿದ್ದಲ್ಲಿ ಗಾಯನ ಮಂಡಳಿಗೆ ಹೇಳಿದೆ: ‘ಬ’ವನ್ನು ಮುಟ್ಟಿ ಬಿಡಿ, ‘ಲ’ದ ಮೇಲೆ ನಿಲ್ಲಿ. ಪದದ ಕೊನೆಯನ್ನು ಎಳೆದರೆ ಕನ್ನಡ ಕಿವಿ ಕ್ಷಮಿಸುತ್ತದೆ. ಛಂದಸ್ಸಿನಲ್ಲೂ ಸಾಲಿನ ಕೊನೆಯ ಲಘುವಿಗೆ ಗುರುವಿನ ಬೆಲೆ ಕೊಡುವ ರೂಢಿ ಇದೆಯಲ್ಲ. ಪಿಯಾನೋದಲ್ಲಿ ಅಷ್ಟು ಹೊತ್ತು ಒಂದೇ ಸ್ವರ ಸಾಯಲು ಬಿಡದೆ, ಎಡಗೈಯಲ್ಲಿ ಒಂದೆರಡು ನಡುವಿನ ಸ್ವರಗಳನ್ನು ನಡೆಸಿದರೆ ಎಣಿಕೆ ತಪ್ಪುವುದಿಲ್ಲ.

ಮಾಸ್ತರರಿಗೆ ಪುಸ್ತಕ ತೋರಿಸಿದೆ. ಕನ್ನಡಕ ಏರಿಸಿ ಪುಟ ತಿರುವಿದರು. “ಐವತ್ತು ವರ್ಷ ಇದನ್ನೇ ಮಾಡಿದೆ, ಹೆಸರು ಗೊತ್ತಿರಲಿಲ್ಲ” ಎಂದರು. ಅದು ಹೊಗಳಿಕೆಯೋ ಜಂಬವೋ ನನಗೆ ಈಗಲೂ ತಿಳಿಯದು.

ನಮ್ಮ ಗಾಯನ ಮಂಡಳಿಯಲ್ಲಿ ಹದಿನಾಲ್ಕು ಜನ. ಎಂಟು ಸೊಪ್ರಾನೋ, ಮೂರು ಆಲ್ಟೋ, ಒಬ್ಬರೇ ಟೆನರ್, ಇಬ್ಬರು ಬಾಸ್. ಟೆನರ್ ಎಲ್ಲ ಸಭೆಗಳಲ್ಲೂ ಮಳೆಗಾಲದ ಬಿಸಿಲಿನಷ್ಟೇ ಅಪರೂಪ. ನಮ್ಮವರು ಕೊಲ್ಲಿಯಿಂದ ಮರಳಿದವರು, ಅವರು ವಾಪಸು ಹೋಗದಿರಲಿ ಎಂದು ನಾನು ಪ್ರಾರ್ಥಿಸಿದ್ದೇನೆ. ಬಾಸಿನವರಲ್ಲಿ ಒಬ್ಬರು ಬಸ್ ಕಂಡಕ್ಟರ್. ‘ಕುಂಬಳೆ, ಉಪ್ಪಳ, ಹೊಸಂಗಡಿ’ ಎಂದು ದಿನಕ್ಕೆ ನೂರು ಸಲ ಕೂಗುವ ಆ ಗಂಟಲಿನಿಂದ ಮಂದ್ರ ಸ್ವರ ಎಷ್ಟು ಮೆದುವಾಗಿ ಬರುತ್ತದೆ ಎಂದರೆ ನಂಬುವುದು ಕಷ್ಟ. ಯಾರಿಗೂ ಸ್ವರಪಟ್ಟಿ ಓದಲು ಬರುವುದಿಲ್ಲ. ಎಲ್ಲರೂ ಮಾಸ್ತರರ ನೋಟ್‌ಪುಸ್ತಕದ ಡೋ ರೇ ಮೀ ಓದುತ್ತಾರೆ, ಕನ್ನಡ ಅಕ್ಷರದಲ್ಲಿ ಬರೆದದ್ದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಕರ್ವೆನ್ ಬಳಕೆಗೆ ತಂದ ಪದ್ಧತಿ ಇದು. ಷಡ್ಜ ಎಲ್ಲಿಟ್ಟರೂ ಸರಿಗಮ ಬದಲಾಗದ ನಮ್ಮ ಕ್ರಮಕ್ಕೆ ಇದು ಹೇಗೂ ಹತ್ತಿರದ ನೆಂಟ. ಶ್ರುತಿ ಏರಿಸಿದರೂ ಇಳಿಸಿದರೂ ಹಾಡುವವರಿಗೆ ತೊಂದರೆ ಇಲ್ಲ. ಪಾಡೆಲ್ಲ ಬಾರಿಸುವವಳದು.

ಎಲ್ಲ ಗಾಯನ ಮಂಡಳಿಗಳಿಗೂ ಇರುವ ಹುಚ್ಚು ನಮಗೂ ಇದೆ, ಹಲ್ಲೆಲೂಯ ಕೋರಸ್. ಹ್ಯಾಂಡೆಲ್ ಇಡೀ ‘ಮೆಸ್ಸಾಯ’ವನ್ನು 1741ರಲ್ಲಿ 24 ದಿನಗಳಲ್ಲಿ ಬರೆದು ಮುಗಿಸಿದ. ಅದರ ಒಂದು ಕೋರಸ್ ಕಲಿಯಲು ನಮಗೆ ಎರಡು ಕ್ರಿಸ್ಮಸ್ ಸಾಲಲಿಲ್ಲ. ಆದರೂ ಆ ಒಂದು ಪದಕ್ಕೆ ನಾನು ಋಣಿ. ಹೀಬ್ರೂವಿನಿಂದ ಬಂದದ್ದಾದ್ದರಿಂದ ಅದರ ಲಘು ಗುರುವಿನ ತಕರಾರು ನನ್ನ ತನಕ ಬರುವುದಿಲ್ಲ. ದೇಶೀಯ ರಾಗದ ಗೀತೆಗಳದ್ದು ತದ್ವಿರುದ್ಧ ಕಥೆ. ಅಲ್ಲಿ ಪದ ಸರಿಯಾಗಿ ಕೂರುತ್ತದೆ, ಪಿಯಾನೋವೇ ಅಧಿಕಪ್ರಸಂಗಿ. ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ ರಾಗ ಓಡಿಹೋಗುತ್ತದೆ. ಎಡಗೈಯಲ್ಲಿ ಸ ಪ ಮಾತ್ರ ಹಿಡಿದು ಕೂರುವುದು ಲೇಸು.

ಕಾಣಿಕೆಯ ಹೊತ್ತಿನ ಸಂಗೀತದಲ್ಲಿ ನಾನು ಕಲಿತದ್ದು ಒಂದೇ: ಎಲ್ಲಿ ಬೇಕಾದರೂ ನಿಲ್ಲಿಸಲು ಬರಬೇಕು. ಜರ್ಮನ್ ಸಂಗೀತಗಾರ ಬಾಖನ ‘ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್’ ಕೃತಿಯನ್ನು ಪಿಯಾನೋ ವಾದಕಿ ಮೈರಾ ಹೆಸ್ 1926ರಲ್ಲಿ ಪಿಯಾನೋಗೆ ಅಳವಡಿಸಿದ್ದನ್ನು ಮೂರು ತಿಂಗಳು ಕಲಿತು ಒಂದು ಭಾನುವಾರ ಶುರು ಮಾಡಿದೆ. ಹೊಳೆಯಂತೆ ನಿಲ್ಲದೆ ಹರಿಯುವ ಸ್ವರಗಳು. ಅಂದು ಮಳೆಯಿಂದ ಜನ ಕಡಿಮೆ, ಕಾಣಿಕೆ ಚೀಲ ಎರಡೇ ನಿಮಿಷದಲ್ಲಿ ಮುಂದೆ ಬಂತು. ಪಾದ್ರಿ ಅಯ್ಯನವರು ಚೀಲ ಹಿಡಿದು ನಿಂತೇ ಇದ್ದಾರೆ, ನಾನು ಹೊಳೆಯ ನಡುವೆ. ದಡ ಸಿಗಲಿಲ್ಲ. ಈಗ ಪ್ರತಿ ನಾಲ್ಕು ಸಾಲಿಗೊಂದು ದಡ ಗುರುತು ಹಾಕಿ ಇಟ್ಟಿರುತ್ತೇನೆ.

ಮರುವರ್ಷ ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಆರಾಧನೆಗೆ ಅಯ್ಯನವರು ಒಂದು ಯೋಚನೆ ಮಾಡಿದರು. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪ್ರಸಂಗಗಳ (ಉಪದೇಶಗಳ) ನಡುವೆ ಏಳು ಬೇರೆ ಬೇರೆ ಗೀತೆ ಬೇಡ, ಮುಳ್ಳಿನ ಕಿರೀಟದ ಗೀತೆಯ ಒಂದೊಂದು ಚರಣ ಸಾಕು. ಪೌಲ್ ಗೆರ್ಹಾರ್ಟ್ 1656ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದದ್ದರ ಕನ್ನಡ. ರಾಗ ಅದಕ್ಕಿಂತಲೂ ಹಳೆಯದು, ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯದು. ಹುಡುಗಿಯೊಬ್ಬಳಿಂದಾಗಿ ತನ್ನ ಮನಸ್ಸು ಕಲಕಿಹೋಗಿದೆ ಎನ್ನುವವನ ಹಾಡು. ಇದನ್ನು ಅಭ್ಯಾಸದ ದಿನ ಹೇಳಿದ್ದೇ ತಪ್ಪಾಯಿತು. ಆಲ್ಟೋದ ದೊಡ್ಡಮ್ಮ ಪುಸ್ತಕ ಮುಚ್ಚಿ, “ಇದನ್ನೆಲ್ಲ ಹೇಳಬೇಕೇ ನೀನು? ಇನ್ನು ಕಣ್ಣು ಮುಚ್ಚಿ ಹಾಡುವುದು ಹೇಗೆ?” ಎಂದರು. ಕಂಡಕ್ಟರ್ ಅಣ್ಣ ಮಾತ್ರ ನಗುತ್ತಾ ಕೆಳಗಿನ ಸ್ವರ ಹಿಡಿದರು.

ಬಾಖ್ ಯೇಸುವಿನ ಯಾತನೆ, ಮರಣದ ಕಥೆ ಹಾಡುವ ತನ್ನ ಮತ್ತಾಯನ ಪ್ಯಾಶನ್‌ನಲ್ಲಿ ಈ ರಾಗವನ್ನು ಐದು ಸಲ ತರುತ್ತಾನೆ. ಪ್ರತಿ ಸಲವೂ ಪದಕ್ಕೆ ತಕ್ಕಂತೆ ಒಳಗಿನ ಸ್ವರಗಳು ಬೇರೆಯಾಗುತ್ತವೆ. ಮೇಲಿನ ರಾಗ ಅದೇ, ಕೆಳಗಿನ ನೆಲ ಸರಿಯುತ್ತದೆ. ಯೇಸು ಪ್ರಾಣ ಬಿಟ್ಟ ಮೇಲೆ ಬರುವ ಚರಣವನ್ನು ರಾತ್ರಿ ಮೊಬೈಲಿನಲ್ಲಿ ಕೇಳಿ ನಾನು ಎದ್ದು ಕುಳಿತಿದ್ದೇನೆ. ಅಷ್ಟೊಂದು ನನ್ನ ಕೈಗೆ ಬಾರದು. ಆದರೆ ಏಳು ಚರಣಕ್ಕೆ ಏಳು ಬಗೆ ಮಾಡಬಹುದಲ್ಲ: ಒಂದಕ್ಕೆ ನಾಲ್ಕು ಧ್ವನಿ, ಒಂದಕ್ಕೆ ಎರಡೇ, ಒಂದಕ್ಕೆ ಬಾಸನ್ನು ಒಂದು ಸ್ಥಾಯಿ ಕೆಳಗೆ. ಮಾಸ್ತರರೂ ನಾನೂ ನಾಲ್ಕು ಶನಿವಾರ ಕೂತು ಬರೆದುಕೊಂಡೆವು.

ಗುರುವಾರ ರಾತ್ರಿ ಗುಡುಗು ಸಹಿತ ಬೇಸಿಗೆ ಮಳೆ. ಶುಕ್ರವಾರ ಹನ್ನೊಂದೂ ಮುಕ್ಕಾಲಿಗೆ ನಾನು ಬಟ್ಟೆಯ ಕ್ಲಿಪ್ಪುಗಳಿಂದ ಹಾಳೆಗಳನ್ನು ಸಿಕ್ಕಿಸುತ್ತಿದ್ದೆ. ನೆತ್ತಿಯ ಮೇಲಿನ ಫ್ಯಾನಿಗೆ ಹಾಳೆ ಹಾರುತ್ತದೆ, ಫ್ಯಾನ್ ನಿಲ್ಲಿಸಿದರೆ ಏಪ್ರಿಲ್ ಬಿಸಿಲಿಗೆ ನಾವು ಬೀಳುತ್ತೇವೆ. ಕೈ ತಾಗಿ ನಡುವಿನ ‘ಬಿಳಿ ಒಂದು’ ಮನೆ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಉಗುರಿನಿಂದ ಎತ್ತಿದೆ. ಒತ್ತಿದೆ. ಮತ್ತೆ ಅಲ್ಲೇ. ಗೀತೆ ಇರುವುದು ಬಿಳಿ ಒಂದರ ಶ್ರುತಿಯಲ್ಲಿ. ಷಡ್ಜವೇ ಮೂಕವಾದರೆ ಉಳಿದವರು ಯಾರ ಮನೆಗೆ ಹೋಗಬೇಕು? ಕಪ್ಪು ಐದಕ್ಕೆ ಇಳಿಸೋಣವೆಂದರೆ ಅದರಲ್ಲೂ ಆ ಸ್ವರ ಬರುತ್ತದೆ. ಬಿಳಿ ಎರಡರಲ್ಲಿ ಬರುವುದಿಲ್ಲ, ಅದರ ಜಾಗದಲ್ಲಿ ಪಕ್ಕದ ಕಪ್ಪು ಒಂದು. ಹಾಳೆ ಬಿಳಿ ಒಂದರಲ್ಲಿದೆ, ಕೈ ಬಿಳಿ ಎರಡರಲ್ಲಿ ಹೋಗಬೇಕು. ಮಾಸ್ತರರು ಮೂರನೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅವರಿಗೆ ಹೇಳಲು ಹೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ.

ಮೊದಲ ಚರಣದಲ್ಲಿ ಎರಡು ಕಡೆ ಕಪ್ಪು ಮೂರರ ಬದಲು ಬಿಳಿ ಮನೆ ಮುಟ್ಟಿದೆ. ಎರಡನೆಯದರಲ್ಲಿ ಒಂದು ಕಡೆ. ಮೂರರಿಂದ ಕಣ್ಣು ಹಾಳೆಯನ್ನು ಬಿಟ್ಟು ಪದಗಳಿಗೆ ಹೋಯಿತು, ಕೈ ತಾನಾಗಿ ನಡೆಯಿತು. ಶ್ರುತಿ ಏರಿದ್ದರಿಂದ ಎತ್ತರದ ಸಾಲಿನಲ್ಲಿ ಉಪವಾಸದ ಒಣ ಗಂಟಲುಗಳು ತುಸು ಕೀರಲಾದವು. ಐದನೆಯ ಮಾತಿನ ಪ್ರಸಂಗದಲ್ಲಿ ನಿವೃತ್ತ ಉಪನ್ಯಾಸಕರೊಬ್ಬರು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದಿಂದ ಕೆಲವು ಸಾಲು ಓದಿದರು. ಕ್ರೈಸ್ತರಲ್ಲದ ಕವಿ, ನಮ್ಮ ಪಕ್ಕದೂರಿನಲ್ಲಿ ಕುಳಿತು, ಯೇಸುವಿನ ಕಡೆಯ ದಿನದ ಮೇಲೆ ಬರೆದದ್ದು. ಮೊದಲೇ ಕನ್ನಡದಲ್ಲಿ ಹುಟ್ಟಿದ ಸಾಲು ಹೇಗೆ ನಡೆಯುತ್ತದೆ ಎಂದು ನಾನು ಮೊಣಕಾಲಿನ ಮೇಲೆ ಬೆರಳಿನಿಂದ ಎಣಿಸುತ್ತಿದ್ದೆ. ಎಲ್ಲಿಯೂ ಏನನ್ನೂ ಎಳೆಯಬೇಕಾಗಿರಲಿಲ್ಲ.

ಆರನೆಯ ಮಾತು ‘ತೀರಿತು’. ಒಂದು ಗುರು, ಎರಡು ಲಘು. ಅಯ್ಯನವರು ಅದನ್ನು ಒಂದೇ ಸಲ ಹೇಳಿ ಪ್ರಸಂಗ ಮುಗಿಸಿದರು. ನಾನು ಪೀಠಿಕೆ ಬಾರಿಸಲಿಲ್ಲ, ಬಾಸಿನ ಒಂದೇ ಸ್ವರ ಕೊಟ್ಟೆ. ಚರಣದ ಮೊದಲಕ್ಷರ ಗುರು. ಅದಕ್ಕೆ ಜಾಗ ಬಿಟ್ಟೆ. ಜನ ಬೇಕಾದಷ್ಟು ಎಳೆದುಕೊಂಡರು, ನಾನೂ ಅವರೊಂದಿಗೆ ನಿಂತೆ, ಮುಂದಿನ ಸ್ವರಕ್ಕೆ ಎಲ್ಲರೂ ಒಟ್ಟಿಗೆ ಇಳಿದೆವು. ಪೆಡಲ್ ಮೇಲೇಳುವಾಗ ಅದರ ಕೀಲು ಕಿರುಗುಟ್ಟಿದ್ದು ಇಡೀ ದೇವಾಲಯಕ್ಕೆ ಕೇಳಿಸಿತು.

ಹೊರಗೆ ಬಂದಾಗ ಮಾಸ್ತರರು ಬೇರೇನೂ ಹೇಳದೆ, “ಬಿಳಿ ಎರಡರಲ್ಲಿ ಯಾಕೆ?” ಎಂದು ಕೇಳಿದರು. ಹೇಳಿದೆ. “ನಾಳೆ ಇಕ್ಕಳ ತಾ” ಎಂದರು.

ಶನಿವಾರ ಬೆಳಗ್ಗೆ ಮುಂದಿನ ಪಟ್ಟಿಯ ಸ್ಕ್ರೂ ಬಿಚ್ಚಿ ಆ ಮನೆಯನ್ನು ಹೊರಗೆಳೆದೆವು. ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದದ ಮರದ ಪಟ್ಟಿ. ಕೆಳಗೆ ಹಿತ್ತಾಳೆಯ ಮೊಳೆ ಕೂರುವ ರಂಧ್ರ, ರಂಧ್ರದ ಗೋಡೆಗೆ ಅಂಟಿಸಿದ ಕೆಂಪು ಉಣ್ಣೆ. ತೇವಕ್ಕೆ ಆ ಉಣ್ಣೆ ಉಬ್ಬಿ ಮೊಳೆಯನ್ನು ಹಿಡಿದುಕೊಂಡಿತ್ತು. ಮಾಸ್ತರರು ಇಕ್ಕಳದ ಬಾಯಿಗೆ ಕರವಸ್ತ್ರ ಸುತ್ತಿ, ನಡುಗುವ ಕೈಯಲ್ಲೇ ಎರಡೂ ಬದಿ ಮೆಲ್ಲಗೆ ಅದುಮಿದರು. ಮನೆಯನ್ನು ಮರಳಿ ಕೂರಿಸಿ ಒತ್ತಿದೆ. ಇಳಿಯಿತು, ಏರಿತು. ಹತ್ತು ಸಲ ಒತ್ತಿದೆ.

“ಸಾಕು, ಅದಕ್ಕೆ ಬುದ್ಧಿ ಬಂತು. ನಾಳೆಯ ಪುನರುತ್ಥಾನದ ಗೀತೆ ತೆಗೆ” ಎಂದು ಬೆಂಚು ಎಳೆದುಕೊಂಡು ಕುಳಿತರು. ನಾನು ಎರಡೂ ಕೈ ಇಟ್ಟೆ. ಅವರು ಇಕ್ಕಳದ ತುದಿಯಿಂದ ನನ್ನ ಬಲಗೈಯನ್ನು ಮೆಲ್ಲಗೆ ತಟ್ಟಿದರು.

“ಮೊದಲು ಬಾಸ್ ಮಾತ್ರ.”